ಲಿಂಗದ ನೀರು, ಕುಡಿಯುವ ನೀರು

ಪಕ್ಕದ ಮನೆಯಲ್ಲಿ ಇಂಗಿನ ಒಗ್ಗರಣೆ ಹಾಕಿದರೆ ಓಣಿಯವರಿಗೆಲ್ಲ ಹಸಿವಾಗುತ್ತದೆ. ನಾನು ಮಾತ್ರ ಬಗ್ಗಿ ಕಾಲು ನೋಡಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಜೋಳ ಹಸನು ಮಾಡುತ್ತ ಕೂತಿದ್ದೆ. ಗೋಡೆಯಾಚೆಯಿಂದ ವಾಸನೆ ಬಂತು. ಮೊರ ಕೆಳಗಿಟ್ಟು ಹಿಮ್ಮಡಿ, ಕಣಕಾಲು, ಬೆರಳ ಸಂದು ಎಲ್ಲ ಮುಟ್ಟಿ ನೋಡಿಕೊಂಡೆ. ಏನೂ ಇರಲಿಲ್ಲ. ಏನೂ ಇರುವುದಿಲ್ಲವೆಂದು ನನಗೆ ಗೊತ್ತೇ ಇದೆ. ಆದರೆ ಗೊತ್ತಿರುವುದಕ್ಕೂ ಹೆದರಿಕೆಗೂ ನನ್ನೊಳಗೆ ಮೊದಲಿನಿಂದಲೂ ಮಾತುಕತೆ ಇಲ್ಲ.

ಈಗಿನವರಿಗೆ ನಾರುಹುಣ್ಣು ಎಂದರೆ ಏನೆಂದು ಹೇಳಬೇಕು. ನೀರಿನ ಜೊತೆ ಹೊಟ್ಟೆಗೆ ಹೋಗುವ ಒಂದು ಹುಳು ಅದು. ಹೆಚ್ಚುಕಡಿಮೆ ವರುಷದವರೆಗೆ ಮೈಯಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ಒಂದು ದಿನ ಕಾಲಲ್ಲಿ ಬೊಕ್ಕೆ ಏಳುತ್ತದೆ, ಒಡೆಯುತ್ತದೆ, ಅದರೊಳಗಿಂದ ಬಿಳಿ ದಾರದ ತುದಿ ಹಣಕುತ್ತದೆ. ಆ ತುದಿಯನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ಹರಿದರೆ ಕಾಲು ಬಾತು ಕೊಳೆಯುತ್ತದೆ. ಹಾಗೆ ಸತ್ತವರೂ ಇದ್ದರು. ಇಂಗು ಬೆಲ್ಲ ಕೂಡಿಸಿ ನುಂಗಿದರೆ ಹುಳು ಬೇಗ ಹೊರಗೆ ಬರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಬರುತ್ತಿತ್ತೋ ಇಲ್ಲವೋ, ವಾಸನೆಯಂತೂ ಉಳಿಯಿತು.

ನಾನು ಕೋಟೆಯ ಊರು ಉದಗೀರದ ಹುಡುಗಿ. ತವರಿನಲ್ಲಿ ಹಗ್ಗ ಬಿಟ್ಟು ಸೇದುವ ಬಾವಿ. ಮದುವೆಯಾಗಿ ಬಂದ ಊರು ಉಮರ್ಗಾದ ಕಡೆ, ಗುಂಜೋಟಿಗಿಂತ ಆಚೆ. ಅಲ್ಲಿಯದು ಪಾವಟಿಗೆ, ಅಂದರೆ ಮೆಟ್ಟಿಲು, ಇಳಿದು ಹೋಗುವ ಬಾವಿ. ಊರೆಲ್ಲ ಮೊಣಕಾಲುದ್ದ ನೀರಲ್ಲಿ ನಿಂತು ಮೀಯುವುದೂ ಅಲ್ಲೇ, ಕೊಡ ತುಂಬುವುದೂ ಅಲ್ಲೇ. ಮೊದಲ ದಿನ ಆ ಪಾವಟಿಗೆಯ ಮೇಲೆ ನಿಂತು ನಾನು ಮೂಗು ಮುರಿದದ್ದನ್ನು ಅತ್ತೆ ಬಹಳ ಕಾಲ ಆಡಿಕೊಂಡರು. "ಉದಗೀರದಾಕಿ ನೋಡ್ರಿ, ಕಿಲ್ಲೇದಾಗ ಹುಟ್ಯಾಳ. ನೀರು ಆಕೀ ತನಕಾ ಎದ್ದು ಬರಬೇಕಂತ!"

ನಿಜಾಮರ ಅಮಲು ಅದು. ಯಾವ ವರುಷ ಎಂದು ಕೇಳಬೇಡಿ. ನನ್ನ ನೆನಪಿಗೆ ವರುಷಗಳಿಲ್ಲ. ಸುಗ್ಗಿ ಇದೆ, ಬೇಸಿಗೆ ಇದೆ, ಹೊಟ್ಟೆಯಲ್ಲಿದ್ದ ಮೊದಲ ಕೂಸು ಇದೆ.

ಮಾವನವರು ಅಯ್ನೋರು, ಜಂಗಮರು. ಊರಿನ ಒಕ್ಕಲುಮನೆಗಳಿಗೆಲ್ಲ ಅವರೇ ಗುರು. ಮದುವೆ, ಮಗುವಿಗೆ ಲಿಂಗ ಕಟ್ಟುವುದು, ಸತ್ತವರ ಕ್ರಿಯೆ, ಎಲ್ಲಕ್ಕೂ ಅವರೇ ಬೇಕು. ದಿನಾ ಬೆಳಿಗ್ಗೆ ಅವರು ಬಾವಿಗಿಳಿದು ಮಿಂದು, ಒದ್ದೆ ಬಟ್ಟೆಯಲ್ಲೇ ಲಿಂಗಪೂಜೆಯ ನೀರು ತರುತ್ತಿದ್ದರು. ಆ ನೀರನ್ನು ಮನೆಯವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಪೂಜೆ ಮುಗಿದ ಮೇಲೆ ಮಣೆಯ ಮೇಲೆ ಕೂತು, ಪರಾತವೆಂಬ ಹಿತ್ತಾಳೆಯ ಅಗಲ ತಟ್ಟೆಯಲ್ಲಿ ಪಾದ ಇಡುತ್ತಿದ್ದರು. ಪೂಜೆಯ ನೀರಿನಿಂದಲೇ ಪಾದ ತೊಳೆದು, ಆ ಪಾದೋದಕವನ್ನು ಮೊದಲು ಮನೆಯವರು, ಆಮೇಲೆ ಬಾಗಿಲಿಗೆ ಬಂದ ಭಕ್ತರು ಅಂಗೈಯಲ್ಲಿ ಈಸಿಕೊಂಡು ಕುಡಿಯುವುದು ಪದ್ಧತಿ. ಸೊಸೆ ಬಂದ ಮೇಲೆ ತೊಳೆಯುವ ಕೆಲಸ ನನ್ನದಾಯಿತು. ನಾನು ಭಕ್ತಿಯವಳೇ. ಆ ನೀರು ಬಾಯಿಗೆ ಹಾಕಿಕೊಂಡಾಗ ಮನಸ್ಸಿಗೆ ತಂಪಾಗುತ್ತಿತ್ತು ಎಂದರೆ ಸುಳ್ಳಲ್ಲ.

ಆ ಬೇಸಿಗೆಯ ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಇಂಗಿನ ವಾಸನೆ ಬಂತು. ಒಲೆ ಉರಿಯುತ್ತಿರಲಿಲ್ಲ. ಉರಿಯದ ಒಲೆಯ ಮನೆಯಲ್ಲಿ ಇಂಗೇಕೆ ಎಂದು ಹಿತ್ತಲ ಬಾಗಿಲ ಸಂದಿಯಲ್ಲಿ ಇಣುಕಿದೆ. ಅತ್ತೆ ನೆಲದ ಮೇಲೆ ಕೂತಿದ್ದರು. ಅವರ ತೊಡೆಯ ಮೇಲೆ ಒಂದು ಹಿಮ್ಮಡಿ. ಕೈಯಲ್ಲೊಂದು ಕಡ್ಡಿ. ಕಡ್ಡಿಗೆ ಏನನ್ನೋ ಸುತ್ತುತ್ತಿದ್ದರು, ಹತ್ತಿ ನೂಲುವವರ ಹಾಗೆ, ಉಸಿರು ಹಿಡಿದು. ಹಿಮ್ಮಡಿ ಮಾವನವರದು.

"ಮೆಲ್ಲಕ," ಎಂದರು ಮಾವನವರು.

"ಮೆಲ್ಲಕನೇ ಮಾಡ್ಲಿಕ್ಕತ್ತೀನಿ. ಬಾಯಿ ಮುಚ್ರಿ. ಓಣ್ಯಾಗ ಕೇಳತದ."

ನಾನು ಬಂದ ಹಾಗೇ ಹಿಂದಕ್ಕೆ ಸರಿದೆ. ಆಗ ನನಗೆ ಮೂರೋ ನಾಲ್ಕೋ ತಿಂಗಳು. ಸರಿದು ಗೋಡೆಗೆ ಒರಗಿ ನಿಂತಾಗ ಹೊಳೆದದ್ದು ಒಂದೇ: ಈ ಹುಳು ಇರುವ ಕಾಲಿನ ನೀರನ್ನು ನಾನು ದಿನಾ ಕುಡಿದಿದ್ದೇನೆ. ವರುಷದವರೆಗೆ ಮೈಯಲ್ಲಿ ಸದ್ದಿಲ್ಲದೆ ಬೆಳೆಯುತ್ತದಲ್ಲ, ಹಾಗಾದರೆ ಈಗ ನನ್ನೊಳಗೆ ಬೆಳೆಯುತ್ತಿರುವುದು ಎಷ್ಟು ಜೀವ? ಕೂಸು ಒಂದೇ ಏನು? ಹುಳು ದಾರಿ ತಪ್ಪಿ ಕೂಸಿನೊಳಕ್ಕೆ ಹೋದರೆ? ನಗಬೇಡಿ. ಈಗ ನನಗೂ ನಗು ಬರುತ್ತದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ.

ಯಾರಿಗೆ ಹೇಳಲಿ? ಅಯ್ನೋರ ಕಾಲಿಗೆ ನಾರು ಎಂದು ಹೊರಗೆ ಗೊತ್ತಾದರೆ ಯಾವ ಭಕ್ತ ಆ ನೀರಿಗೆ ಅಂಗೈ ಚಾಚುತ್ತಾನೆ? ಪಾದವೇ ಮನೆಯ ಮರ್ಯಾದೆ, ಪಾದವೇ ಮನೆಯ ಅನ್ನ. ನಮ್ಮವರಿಗೆ ಹೇಳೋಣವೆಂದರೆ, ಅವರು ಅಪ್ಪನ ಎದುರು ಕೆಮ್ಮಲೂ ಹೊರಗೆ ಹೋಗುವವರು.

ಹಾಗಾಗಿ ನಾನೊಂದು ಉಪಾಯ ಹೂಡಿದೆ. ಕಣ್ಣು ಮುಚ್ಚಿಕೊಂಡೇ ನೀರು ಸುರಿದು ಪಾದ ತೊಳೆಯುತ್ತಿದ್ದೆ. ಕಂಡರೆ ವಾಂತಿಯಾದೀತೆಂಬ ಭಯ. ಅಂಗೈಗೆ ಬಂದ ಪಾದೋದಕವನ್ನು ತುಟಿಗೆ ತಾಗಿಸಿ ಗದ್ದದಿಂದ ಸೆರಗಿಗೆ ಇಳಿಸಿಬಿಡುತ್ತಿದ್ದೆ. ಆಮೇಲೆ ಅಡಿಗೆಮನೆಗೆ ಓಡಿ, ತುಟಿಗೆ ತಾಗಿದ್ದೂ ತೊಳೆದುಹೋಗಲಿ ಎಂದು, ಕುಡಿಯುವ ಕೊಡದಿಂದ ತಂಬಿಗೆ ತುಂಬ ನೀರು ಗಟಗಟ ಕುಡಿಯುತ್ತಿದ್ದೆ. ಬಹಳ ಜಾಣೆ ಎಂದುಕೊಂಡಿದ್ದೆ.

ಆ ದಿನಗಳಲ್ಲೇ ಹೈದರಾಬಾದಿನಿಂದ ಮೂವರು ಸಾಹೇಬರು ಬಂದರು. ನನ್ನ ನೆನಪು ಅವರನ್ನು ಒಂದೇ ಮೋಟಾರಿನಲ್ಲಿ, ಧೂಳೆಬ್ಬಿಸುತ್ತ ತಂದು ಇಳಿಸುತ್ತದೆ. ಅದು ನೆನಪಿನ ಚಟ, ಮೆರವಣಿಗೆ ಇಲ್ಲದೆ ಅದಕ್ಕೆ ಯಾರನ್ನೂ ಕರೆತರಲು ಬರುವುದಿಲ್ಲ. ನಿಜವಾಗಿ ಅವರು ಬೇರೆಬೇರೆ ದಿನ ಎತ್ತಿನ ಗಾಡಿಗಳಲ್ಲಿ, ಬೆನ್ನು ಹಿಡಿದುಕೊಂಡು ಬಂದಿರಬೇಕು. ಚಾವಡಿಯಲ್ಲಿ ಇಳಿದರು. ಮೂವರೂ ಒಂದೇ ವಿಶ್ವವಿದ್ಯಾಲಯದವರು, ಆದರೆ ಒಬ್ಬರ ವಿದ್ಯೆ ಇನ್ನೊಬ್ಬರದಲ್ಲ. ಒಬ್ಬರು ಡಾಕ್ಟರ್. ಒಬ್ಬರು ನೀರಿನ ಜೀವಜಂತುಗಳನ್ನು ಓದಿದವರು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನು ತಂದಿದ್ದರು. ಮೂರನೆಯವರು ಕಲಬುರ್ಗಿ ಕಡೆಯ ಕನ್ನಡದವರು. ಜನ ಹೇಗೆ ಬದುಕುತ್ತಾರೆಂದು ಕೇಳಿ ತಿಳಿಯುವುದೇ ಅವರ ವಿದ್ಯೆ. ಮೂವರೂ ಕೂಡಿ ನಾರಿನ ಮೂಲ ಹುಡುಕುತ್ತಾರಂತೆ. ಊರು ಒಂದೇ ದಿನದಲ್ಲಿ ಅವರಿಗೆ ಹೆಸರಿಟ್ಟಿತು: ಸೂಜಿ ಸಾಹೇಬ, ನೀರು ಸಾಹೇಬ, ಯಾಕ ಸಾಹೇಬ. ಮೂರನೆಯವರು ಏನು ಹೇಳಿದರೂ ತಿರುಗಿ "ಯಾಕ?" ಎಂದು ಕೇಳುತ್ತಿದ್ದರು.

ಊರು ನಗುತ್ತಿತ್ತು ನಿಜ, ಆದರೆ ಬಾಗಿಲು ಹಾಕಿಕೊಂಡು. ಪ್ಲೇಗಿನ ಕಾಲ ಎಲ್ಲರಿಗೂ ನೆನಪಿತ್ತು. ಆಗಲೂ ಮೊದಲು ಬಂದವರು ಬರೀ ಕೇಳುವವರೇ. ಆಮೇಲೆ ಮನೆ ಖಾಲಿ ಮಾಡಿಸಿ ಹೊಲದ ಗುಡಿಸಲಿಗೆ ಅಟ್ಟಿದ್ದರು. ನಮ್ಮ ಪಕ್ಕದ ಮನೆಯ ಸುಗಲವ್ವ ದಿನಕ್ಕೊಂದು ಸುದ್ದಿ ತರುತ್ತಿದ್ದಳು.

"ಕೇಳಿದ್ಯೇನವ್ವಾ? ನಾರು ಇದ್ದೋರನ್ನ ಊರ ಹೊರಗ ಇಡ್ತಾರಂತ. ಬಾವೀನೂ ಕಲ್ಲು ಹಾಕಿ ಮುಚ್ಚತಾರಂತ."

"ಬಾವಿ ಮುಚ್ಚಿದ್ರ ಕುಡೀಲಿಕ್ಕಿ ಏನು ಮಾಡೋದಂತ?" ಎಂದರು ಅತ್ತೆ.

"ಯಾಕ ಸಾಹೇಬನ್ನ ಕೇಳಬೇಕು. ಅಂವಾ ತಿರುಗಿ ನಿನಗ ಕೇಳ್ತಾನ, ಕುಡೀತೀರಿ ಯಾಕ ಅಂತ!"

ಸುಗಲವ್ವ ನಕ್ಕಳು, ಅತ್ತೆಯೂ ನಕ್ಕರು. ನಗುತ್ತಲೇ ಅತ್ತೆಯ ಕಣ್ಣು ಒಳಗಿನ ಪೂಜೆಯ ಕೋಣೆಯ ಕಡೆ ಹೋದದ್ದನ್ನು ನಾನು ನೋಡಿದೆ. ಅವರು ಏನು ಎಣಿಸುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನೇನು ಎಣಿಸುತ್ತಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಎರಡು ಹೆದರಿಕೆಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದವು.

ಕಡೆಗೆ ನಮ್ಮ ಮನೆಯ ಸರದಿ ಬಂತು. ಮೂವರೂ ಕಟ್ಟೆಯ ಮೇಲೆ ಕೂತರು. ಅತ್ತೆ ಹೊಸ್ತಿಲಲ್ಲಿ, ನಾನು ಬಾಗಿಲ ಹಿಂದೆ. ಮಾವನವರು ಒಳಗೆ ಪೂಜೆಯಲ್ಲಿ.

"ಅಮ್ಮಾರೆ, ನಿಮ್ಮ ಮನ್ಯಾಗ ಯಾರಿಗರೆ ನಾರು ಅದ ಏನ್ರಿ?" ಎಂದು ಯಾಕ ಸಾಹೇಬರು ಕೇಳಿದರು.

"ಇಲ್ಲರಿ. ಅಯ್ನೋರ ಮನಿ ಇದು."

"ಅಯ್ನೋರಿಗಿ ಬರಲ್ಲೇನ್ರಿ? ಯಾಕ?"

"ಯಾಕ ಅಂದ್ರ ಬರಲ್ಲ," ಎಂದರು ಅತ್ತೆ.

ನೀರು ಸಾಹೇಬರು ಕುಡಿಯುವ ನೀರು ಕೇಳಿದರು. ನಾನೇ ಕೊಡದಿಂದ ಬಗ್ಗಿಸಿ ಕೊಟ್ಟೆ. ಅವರು ಒಂದು ಹನಿಯನ್ನು ಗಾಜಿನ ಮೇಲಿಟ್ಟು ದುರ್ಬೀನಿನಲ್ಲಿ ನೋಡಿದರು, ಡಾಕ್ಟರಿಗೆ ತೋರಿಸಿದರು, ಅತ್ತೆಗೂ ನೋಡಲು ಹೇಳಿದರು. ಅತ್ತೆ ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡು ಬಗ್ಗಿದರು.

"ಅಯ್ಯ ಶಿವನೇ! ಇದು ಕುಣೀಲಿಕ್ಕತ್ಯಾದಲ್ಲರಿ!"

ಆ ಕುಣಿಯುವ ಸಣ್ಣ ಹುಳುವೇ ನಾರಿನ ಮರಿಯನ್ನು ನುಂಗಿ ಇಟ್ಟುಕೊಳ್ಳುತ್ತದೆ, ಅದನ್ನು ಕುಡಿದವರಿಗೆ ನಾರು ಬರುತ್ತದೆ ಎಂದು ನೀರು ಸಾಹೇಬರು ದಖನಿ ಉರ್ದುವಿನಲ್ಲಿ ಹೇಳಿದರು, ಯಾಕ ಸಾಹೇಬರು ಅದನ್ನು ಕನ್ನಡಕ್ಕೆ ತಿರುಗಿಸಿದರು. ನನಗೆ ತಿರುಗಿಸುವವರು ಬೇಕಿರಲಿಲ್ಲ, ಉದಗೀರದಲ್ಲಿ ನಾವು ಜಗಳವಾಡುತ್ತಿದ್ದದ್ದೇ ದಖನಿಯಲ್ಲಿ. ಕದದ ಹಿಂದೆ ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. ಆದರೂ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

"ಮನ್ಯಾಗ ಬ್ಯಾರೆ ನೀರು ಏನರೆ ಅದ ಏನ್ರಿ?" ಎಂದರು ಯಾಕ ಸಾಹೇಬರು.

"ಲಿಂಗದ ನೀರು ಅದ. ಅದು ಮುಟ್ಟಂಗಿಲ್ಲ."

ಮುಟ್ಟುವುದಿಲ್ಲವೆಂದು ಒಪ್ಪಿಸಿ ಅತ್ತೆಯಿಂದಲೇ ಗಾಜಿನ ಮೇಲೆ ಒಂದು ಹನಿ ಹಾಕಿಸಿಕೊಂಡರು. ನೀರು ಸಾಹೇಬರು ಬಹಳ ಹೊತ್ತು ನೋಡಿದರು. ಗಾಜು ಒರೆಸಿ ಇನ್ನೊಂದು ಹನಿ ಕೇಳಿದರು. ಅದರಲ್ಲಿ ಏನೂ ಇರಲಿಲ್ಲ.

"ಇದು ಯಾವ ಬಾವೀದ್ರಿ?"

"ಅದೇ ಬಾವೀದು. ಆದ್ರ ಇದು ಸೋಸಿದ್ದು. ಅರಿವ್ಯಾಗ ಸೋಸಲಾರದ ನೀರು ಲಿಂಗಕ್ಕ ಹಾಕ್ತಾರೇನ್ರಿ?"

"ಕುಡಿಯೋ ನೀರು ಸೋಸಲ್ಲೇನ್ರಿ? ಯಾಕ?"

ಅತ್ತೆಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾವೇನು ಲಿಂಗ ಏನ್ರಿ?"

ಮೂವರು ಸಾಹೇಬರೂ ನಕ್ಕರು. ನಾನು ನಗಲಿಲ್ಲ. ಸೆರಗಿಗೆ ಚೆಲ್ಲಿದ್ದು ಸೋಸಿದ ನೀರು. ತಂಬಿಗೆ ತುಂಬಿ ಕುಡಿದದ್ದು ಕುಣಿಯುವ ನೀರು. ಆದರೆ ಸೋಸಿದ ನೀರಾದರೂ ಆ ಕಾಲಿನ ಮೇಲೆ ಹರಿದು ಬಂದದ್ದಲ್ಲವೇ? ಯಾವುದಕ್ಕೆ ಹೆದರಬೇಕು ಎಂಬುದೇ ತಿಳಿಯದ ಹೆದರಿಕೆಯನ್ನು ನೀವು ಅನುಭವಿಸಿದ್ದೀರೋ ಇಲ್ಲವೋ. ಅದಕ್ಕೆ ನೆಲವೇ ಇರುವುದಿಲ್ಲ. ಆ ನೆಲವಿಲ್ಲದ ಜಾಗದಿಂದಲೇ ನನ್ನ ಬಾಯಿ ತೆರೆಯಿತು. ಕದದ ಹಿಂದಿನಿಂದ, ದಖನಿಯಲ್ಲಿ, ನಾರು ಇದ್ದ ಕಾಲು ತೊಳೆದ ನೀರನ್ನು ಬಸುರಿ ಕುಡಿದರೆ ಕೂಸಿಗೆ ಏನಾಗುತ್ತದೆ ಎಂದು ಕೇಳಿಬಿಟ್ಟೆ.

ಅತ್ತೆಗೆ ಮಾತು ಅರ್ಥವಾಗಲಿಲ್ಲ; 'ನಾರೂ' ಎಂಬ ಶಬ್ದ ಅರ್ಥವಾಯಿತು. ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದರು. ಆ ನೋಟವನ್ನು ಬರೆಯಲು ನನಗೆ ಬಾರದು.

"ಫೌರನ್ ಬಂದ್ ಕರೋ," ಈಗಲೇ ನಿಲ್ಲಿಸಿ ಎಂದರು ಡಾಕ್ಟರ್. ಹುಣ್ಣು ತೊಳೆದ ನೀರು ಎಂದಾದರೂ ಕುಡಿಯುವುದೇ? ನೀರು ಸಾಹೇಬರು ತಲೆಯಾಡಿಸಿದರು: ಹುಣ್ಣಿನ ಕೊಳೆ ಬೇರೆ ಮಾತು, ಆದರೆ ನಾರು ಹಾಗೆ ಬರುವುದಿಲ್ಲ, ಮರಿ ಮೊದಲು ಆ ಕುಣಿಯುವ ಹುಳುವಿನ ಹೊಟ್ಟೆ ಸೇರಿ ಕೆಲವು ದಿನ ಅಲ್ಲಿ ಬಲಿಯಬೇಕು, ಆಗ ತಾನೆ ತೊಳೆದ ಸೋಸಿದ ನೀರಿಂದ ನಾರು ಹತ್ತದು. ಡಾಕ್ಟರ್ ಒಪ್ಪಲಿಲ್ಲ. ಇಬ್ಬರ ದನಿಯೂ ಏರಿತು. ನನ್ನ ಕೂಸಿನ ಮಾತು ನಡುವೆ ಎಲ್ಲೋ ಬಿದ್ದುಹೋಯಿತು. ಡಾಕ್ಟರ್ ಒಮ್ಮೆ ಬಾಗಿಲ ಕಡೆ ತಿರುಗಿ "ಬಚ್ಚೇ ಕೋ ಕುಛ್ ನಹೀಂ ಹೋತಾ," ಕೂಸಿಗೇನೂ ಆಗದು ಎಂದರು. ಜಗಳದ ನಡುವೆ ಹೇಳಿದ ಸಮಾಧಾನ ಯಾರಿಗೆ ತಾಗುತ್ತದೆ?

ಯಾಕ ಸಾಹೇಬರು ಈ ಸಲ 'ಯಾಕ' ಎನ್ನಲಿಲ್ಲ. ಮೆಲ್ಲಗೆ ಕನ್ನಡದಲ್ಲಿ ಕೇಳಿದರು: "ತಂಗೀ, ಆ ಕಾಲಿನೋರು ಜಳಕ ಎಲ್ಲಿ ಮಾಡ್ತಾರ?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಒಳಗಿನ ಕಡೆ ನೋಡಿದರು.

"ಬಾವ್ಯಾಗ," ಎಂಬ ದನಿ ಒಳಗಿನಿಂದ ಬಂತು. ಮಾವನವರು ಪೂಜೆಯ ಮಡಿಯಲ್ಲೇ ಹೊರಗೆ ಬಂದರು. "ಪಾವಟಿಗಿ ಇಳದು, ಮೊಣಕಾಲುದ್ದ ನೀರಾಗ ನಿಂತು ಮಾಡ್ತೀನ್ರಿ. ದಿನಾ."

ಇದು ನಾಟಕದ ಪ್ರವೇಶದ ಹಾಗೆ ಕಾಣುತ್ತದೆಂದು ನನಗೂ ಗೊತ್ತು. ಮಾತುಗಳು ಇವೇ ಎಂದು ಆಣೆ ಮಾಡಲಾರೆ. ಎಷ್ಟೋ ಸಲ ಮನಸ್ಸಿನಲ್ಲಿ ಆಡಿಸಿ ಆಡಿಸಿ ನಾನೇ ಅವನ್ನು ನಯ ಮಾಡಿರಬಹುದು. ಆದರೆ ಅವರು ಬಂದರು. ಕಟ್ಟೆಯ ತುದಿಯಲ್ಲಿ ಕೂತು ಧೋತರ ಸರಿಸಿ ಕಾಲು ಚಾಚಿದರು. ಅದೇ ಹೊತ್ತಿಗೆ ಕೊಡ ಹೊತ್ತು ಬಂದ ಸುಗಲವ್ವ ಅಂಗಳದಲ್ಲೇ ನಿಂತುಬಿಟ್ಟಳು. ಅವಳು ನಿಂತಳೆಂದರೆ ಊರು ನಿಂತಂತೆ.

ಡಾಕ್ಟರ್ ಕಾಲಿಗೆ ಔಷಧ ಹಚ್ಚಿ ಪಟ್ಟಿ ಕಟ್ಟಿದರು. ನೀರು ಸಾಹೇಬರು ಹೇಳಿದರು: ಇಂಥ ಕಾಲು ನೀರಿಗೆ ಇಳಿದಾಗಲೆಲ್ಲ ಹುಳು ಮರಿ ಬಿಡುತ್ತದೆ, ಕಾಲು ಪರಾತದಲ್ಲಿದ್ದರೆ ಬಾವಿಗೆ ಏನೂ ಇಲ್ಲ, ಪಾವಟಿಗೆಯ ಮೇಲಿದ್ದರೆ ಊರಿಗೆಲ್ಲ ನಾರು. ಯಾಕ ಸಾಹೇಬರು ಇದನ್ನು ಕನ್ನಡದಲ್ಲಿ ಹೇಳುವಾಗ ತಡವರಿಸಿದರು. 'ನೀವೇ' ಎಂಬ ಶಬ್ದವನ್ನು ಎಲ್ಲಿಯೂ ಬರಗೊಡಲಿಲ್ಲ.

"ಇಳೀದೆ ಲಿಂಗದ ನೀರು ತರೋದು ಹ್ಯಾಂಗ್ರಿ?" ಎಂದರು ಮಾವನವರು.



ಮರುದಿನ ಬೆಳಿಗ್ಗೆ ಅವರು ಎತ್ತಿನ ಕೊರಳ ಹಗ್ಗ ಬಿಚ್ಚಿಕೊಂಡು ಹೋದರು. ಬಾವಿಯ ದಂಡೆಯ ಮೇಲೆ ನಿಂತು, ಇಳಿಯದೆ, ತಂಬಿಗೆಗೆ ಹಗ್ಗ ಕಟ್ಟಿ ನೀರು ಸೇದಿದರು. ಕೆಳಗೆ ನೀರಲ್ಲಿ ನಿಂತವರು ಕತ್ತೆತ್ತಿ ನೋಡಿದರಂತೆ. ಆ ಬೇಸಿಗೆಯ ಮದುವೆಗಳಿಗೆ ಕೆಲವು ಮನೆಗಳವರು ಅವರನ್ನು ಕರೆಯದೆ ಯೆಣೆಗೂರದಿಂದ ಬೇರೆ ಅಯ್ನೋರನ್ನು ಕರೆಸಿಕೊಂಡರು. ಕೆಲವರು ಮಾತ್ರ ತಾವೂ ಹಗ್ಗ ತಂದರು. ಮಾವನವರು ದಿನಾ ಹಗ್ಗ ಹಿಡಿದುಕೊಂಡೇ ಬಾವಿಗೆ ಹೋದರು. ಅತ್ತೆ ನನ್ನೊಡನೆ ಬಹಳ ದಿನ ಮಾತಾಡಲಿಲ್ಲ.

ಆಮೇಲೆ ಒಂದು ದಿನ ಕುಡಿಯುವ ಕೊಡದ ಬಾಯಿಗೆ ಮಡಚಿದ ಧೋತರದ ಅರಿವೆ ಕಟ್ಟಿದ್ದು ಕಂಡೆ. ನಾನು ನೋಡುತ್ತ ನಿಂತಾಗ ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ ಅಂದರು: "ಸುಮ್ಮ ನೋಡಬ್ಯಾಡ. ನೀ ಏನೂ ಲಿಂಗ ಅಲ್ಲ. ಆದ್ರ ಎಂಟನೇ ತಿಂಗಳಾಗ ಹೊಟ್ಯಾಗಿನ ಕೂಸಿಗಿ ಲಿಂಗ ಕಟ್ತೀವಿ. ಲಿಂಗ ಕಟ್ಟಿದ್ದಕ್ಕ ಸೋಸಲಾರದ ನೀರು ಹಾಕ್ಲಿಕ್ಕಿ ಬರ್ತದೇನು?"

ಸಾಹೇಬರು ನಿಲಂಗಾಕ್ಕೆ, ಅಲ್ಲಿಂದ ಉದಗೀರಕ್ಕೆ ಹೋದರು. ಮಳೆಗಾಲ ಕಳೆದ ಮೇಲೆ ಬಂದು ತಿಳಿದದ್ದನ್ನು ಹೇಳುತ್ತೇವೆ ಎಂದಿದ್ದರು. ನಮ್ಮೂರಿಗಂತೂ ಬರಲಿಲ್ಲ. ಮಗಳು ಹುಟ್ಟಿದಳು. ಸೂಲಗಿತ್ತಿ ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಅಂಗಾಲನ್ನು. ಅಂದಿನಿಂದ ದಿನಾ ಎಣ್ಣೆ ಹಚ್ಚುವ ನೆಪದಲ್ಲಿ ಅವಳ ಕಾಲು ತಡವುತ್ತಿದ್ದೆ, ಎಲ್ಲಾದರೂ ಗಂಟು ಸಿಕ್ಕೀತೆಂದು. ಸೊಳ್ಳೆ ಕಚ್ಚಿದ ಗುಳ್ಳೆ ಕಂಡು ಕಿರುಚಿದ್ದೂ ಉಂಟು. ವರುಷ ಕಳೆಯಿತು, ಎರಡು ಕಳೆದವು. ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ಬಂದಿದ್ದರೆ ಒಂದು ದಿನ ಹೊರಗೆ ಎಳೆದು ಮುಗಿಸಬಹುದಿತ್ತು. ಬಾರದ ಹುಳುವಿಗೆ ತುದಿ ಎಲ್ಲಿಂದ ಹುಡುಕುವುದು? ಅದಿನ್ನೂ ನನ್ನೊಳಗೇ ಇದೆ.

ಇಷ್ಟು ಬರೆದು ಇವತ್ತು ಮಧ್ಯಾಹ್ನ ಲೇಖನಿ ಕೆಳಗಿಟ್ಟಾಗ, ಎಂದೂ ಕಾಣದ ಒಂದು ಚಿತ್ರ ಕಂಡಿತು. ಪರಾತದಲ್ಲಿ ಒಂದೇ ಪಾದ. ಇನ್ನೊಂದು ಮಣೆಯ ಮೇಲೆ, ತೊಡೆಯ ಕೆಳಗೆ ಮಡಚಿಕೊಂಡಿದೆ. ನಾನು ಕಣ್ಣು ಮುಚ್ಚಿರುತ್ತಿದ್ದೆ, ಸರಿ. ಕೈಗೆ ಕಣ್ಣಿಲ್ಲವೇ? ಹುಣ್ಣಿಗೆ ಕಟ್ಟಿದ ಎಲೆ, ದಾರ, ಕಡ್ಡಿ, ಏನಾದರೂ ನನ್ನ ಬೆರಳಿಗೆ ತಾಗಬೇಕಿತ್ತು. ತಾಗಿದ ನೆನಪೇ ಇಲ್ಲ.

ಎದ್ದು ಪಡಸಾಲೆಗೆ ಹೋದೆ. ನಮ್ಮವರು ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು.

"ಏನ್ರಿ, ಮಾವನೋರು ಪಾದೋದಕಕ್ಕ ಎರಡೂ ಕಾಲು ಪರಾತದಾಗ ಇಡತಿದ್ರೇನು?"

"ಮತ್ತ? ಒಂದೇ ಕಾಲಿಡ್ಲಿಕ್ಕಿ ನಮ್ಮಪ್ಪ ಏನು ಕೊಕ್ಕರಿ ಏನು?"

"ನಾರು ಇದ್ದದ್ದು ಯಾವ ಕಾಲಿಗಿ?"

"ಎಡಗಾಲಿಗಿ." ಕುಟ್ಟುವುದು ನಿಂತಿತು. "ಇಲ್ಲ, ಬಲಗಾಲಿಗಿರಬೇಕು. ಈಗ್ಯಾಕ?"

ಸುಮ್ಮನೆ ಕೇಳಿದೆ ಎಂದು ತಿರುಗಿ ಬಂದು ಬರೆದದ್ದರ ಮುಂದೆ ಕೂತೆ. ಅವರು ಹೇಳಿದ್ದೇ ನಿಜವಿರಬಹುದು, ಎರಡೂ ಕಾಲು ಪರಾತದಲ್ಲೇ ಇದ್ದಿರಬಹುದು. ಆದರೆ ಆ ದಿನಗಳಲ್ಲಿ ಹೆದರಿದವಳು ನಾನೊಬ್ಬಳೇ ಎಂದು ಇಷ್ಟು ಕಾಲ ತಿಳಿದಿದ್ದೆನಲ್ಲ. ಬಾಯಲ್ಲಿ ಮಂತ್ರ ಹೇಳುತ್ತ, ಸೊಸೆಯ ಹೊಟ್ಟೆಗೆ ಹೆದರಿ, ಒಂದು ಕಾಲನ್ನು ಆ ನೀರಿನಿಂದ ದೂರ ಬಚ್ಚಿಟ್ಟುಕೊಂಡು ಮಾವನವರೂ ಕೂತಿದ್ದರೇ? ಕೂತಿದ್ದರೆ, ನಾನು ಸೆರಗಿಗೆ ಚೆಲ್ಲಿದ ನೀರು ಎಂಥದು?

ಕೇಳಲು ಬೇರೆ ಯಾರೂ ಉಳಿದಿಲ್ಲ. ಮಡಚಿದ ಆ ಕಾಲು ಕಣ್ಣೆದುರು ಇದೆ. ಅದನ್ನು ಮಡಚಿದವರು ಅವರೋ, ಇವತ್ತು ಮಧ್ಯಾಹ್ನ ನಾನೋ.